ಬೇಡ ಎಂದವರೇ ಬೆಳೆಸಿದ ಆಟ

1424ರಲ್ಲಿ ಸ್ಕಾಟ್ಲೆಂಡಿನ ದೊರೆ ಒಂದನೇ ಜೇಮ್ಸ್ ಒಂದು ಕಾನೂನು ತಂದ. ಯಾರೂ ಕಾಲ್ಚೆಂಡು ಆಡಕೂಡದು, ಆಡಿ ಸಿಕ್ಕಿಬಿದ್ದವರು ನಾಲ್ಕು ಪೆನ್ನಿ ದಂಡ ತೆರಬೇಕು ಎಂಬುದು ಅದರ ಸಾರ. ಜನ ಆಡುತ್ತಲೇ ಇದ್ದರು, ದೊರೆಗಳು ಬಂದು ಹೋಗುತ್ತಲೇ ಇದ್ದರು, ಕಾನೂನು ಮಾತ್ರ ಕಡತದಲ್ಲಿ ಹಾಗೇ ಬಿದ್ದುಕೊಂಡಿತ್ತು. ಅದನ್ನು ಅಧಿಕೃತವಾಗಿ ತೆಗೆದುಹಾಕಿದ್ದು 1906ರಲ್ಲಿ. ಅದೇ ವರ್ಷ ಗ್ಲಾಸ್ಗೋದ ಹ್ಯಾಂಪ್ಡೆನ್ ಪಾರ್ಕಿನಲ್ಲಿ ಸ್ಕಾಟ್ಲೆಂಡ್–ಇಂಗ್ಲೆಂಡ್ ಪಂದ್ಯ ನೋಡಲು ಲಕ್ಷಕ್ಕೂ ಮೀರಿ ಜನ ಸೇರಿದ್ದರು. ಖಡಕ್ ಅಧಿಕಾರಿಯೊಬ್ಬ ಹಳೆಯ ಕಡತ ಹಿಡಿದು ಮೈದಾನಕ್ಕೆ ಇಳಿದಿದ್ದರೆ ಸ್ವದೇಶದ ಹನ್ನೊಂದು ಆಟಗಾರರಿಂದಲೂ ತಲಾ ನಾಲ್ಕು ಪೆನ್ನಿ ವಸೂಲು ಮಾಡಬಹುದಿತ್ತೇನೋ.

ಫುಟ್‌ಬಾಲಿನ ಹಳೆಯ ಕಾಲವನ್ನು ಕೆದಕುತ್ತ ಹೋದರೆ ಆಡಿದವರ ಸುದ್ದಿ ಸಿಗುವುದು ಕಡಿಮೆ. ಆಡಬೇಡಿ ಎಂದು ಗದರಿದವರ ಸುದ್ದಿಯೇ ಹೆಚ್ಚು. ಗೆದ್ದವರು ಯಾರು, ಸೋತವರು ಯಾರು ಎಂದು ಯಾರೂ ಬರೆದಿಡಲಿಲ್ಲ. ದಂಡ ಎಷ್ಟು, ಸೆರೆವಾಸ ಯಾರಿಗೆ ಎಂಬುದನ್ನು ಮಾತ್ರ ಗುಮಾಸ್ತರು ಮುತುವರ್ಜಿಯಿಂದ ದಾಖಲಿಸಿದರು. ಬೀದಿಯ ಗದ್ದಲ ಒಂದು ಆಟವಾಗಿ ಮಾರ್ಪಟ್ಟದ್ದೂ ‘ಇದು ಬೇಡ’ ಎಂಬ ತೀರ್ಮಾನದಿಂದಲೇ. ಆದರೆ ಆ ಸಲ ಹಾಗೆಂದವರು ದೊರೆಗಳಲ್ಲ, ಆಡುವವರೇ.

ಮೊದಲು ಚೆಂಡು ಒದ್ದವರು ಯಾರು ಎಂದು ಕೇಳಿದರೆ ಚೀನಾ ಎದ್ದು ನಿಲ್ಲುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಇತಿಹಾಸಕಾರ ಸಿಮಾ ಚಿಯೆನ್ ಬರೆದ ಗ್ರಂಥದಲ್ಲಿ, ಚೀ ರಾಜ್ಯದ ರಾಜಧಾನಿ ಲಿನ್‌ಜಿಯ ಜನ ಸಂಗೀತ, ಕೋಳಿಕಾಳಗಗಳ ಜೊತೆಗೆ ಚೆಂಡು ಒದೆಯುವ ಆಟದಲ್ಲೂ ಮುಳುಗಿದ್ದರೆಂಬ ಪ್ರಸ್ತಾಪವಿದೆ. ಅದರ ಹೆಸರು ತ್ಸುಜು. ಹಾನ್ ವಂಶದ ಕಾಲಕ್ಕೆ ಅದು ಸೈನಿಕರ ಕವಾಯತಿನ ಭಾಗವಾಗಿತ್ತು. ಮೊದಮೊದಲು ಚರ್ಮದೊಳಗೆ ಹೂರಣ ತುರುಕಿದ ಗಟ್ಟಿ ಚೆಂಡು, ತಾಂಗ್ ಕಾಲಕ್ಕೆ ಗಾಳಿ ತುಂಬಿದ ಚೆಂಡು. ಸಾಂಗ್ ದೊರೆಗಳ ಕಾಲದಲ್ಲಿ ತ್ಸುಜು ಆಟಗಾರರ ಸಂಘಗಳೇ ಇದ್ದವು. ಗಾವೋ ಚಿಯು ಎಂಬವನು ಈ ಆಟದ ಚಳಕದಿಂದಲೇ ಸಾಮ್ರಾಟ ಹುಯಿಜಾಂಗನ ಕೃಪೆಗೆ ಪಾತ್ರನಾಗಿ ದೊಡ್ಡ ಸೇನಾಧಿಕಾರಿಯಾದನೆಂದು ಪ್ರತೀತಿ. ಕ್ರೀಡಾ ಕೋಟಾದಲ್ಲಿ ಸರ್ಕಾರಿ ಹುದ್ದೆ ಗಿಟ್ಟಿಸಿದ ಮೊದಲಿಗ ಅವನೇ ಇರಬೇಕು. ಮುಂದೆ ಮಿಂಗ್ ವಂಶದ ಮೊದಲ ಸಾಮ್ರಾಟ, ಸೈನಿಕರು ತ್ಸುಜು ಆಡಕೂಡದೆಂದು ಕಟ್ಟಪ್ಪಣೆ ಮಾಡಿದ. ಕ್ರಮೇಣ ಆಟವೂ ಮಂಕಾಗಿ ಮರೆಯಾಯಿತು.

ಜಪಾನಿನಲ್ಲಿ ಅದರ ಸೋದರನಂಥ ಕೆಮಾರಿ ಮಾತ್ರ ಉಳಿದುಕೊಂಡಿದೆ. ಕ್ಯೋಟೋದ ಶಿಮೊಗಾಮೊ ದೇಗುಲದಲ್ಲಿ ಪ್ರತಿ ಜನವರಿ 4ರಂದು, ಆಸ್ಥಾನದ ಹಳೆಯ ಪೋಷಾಕು ತೊಟ್ಟವರು ವರ್ತುಲವಾಗಿ ನಿಂತು ಜಿಂಕೆ ಚರ್ಮದ ಚೆಂಡನ್ನು ನೆಲಕ್ಕೆ ಬೀಳದಂತೆ ಒದೆಯುತ್ತಾರೆ. ಅಲ್ಲಿ ಎದುರಾಳಿಯಿಲ್ಲ, ಗೋಲಿಲ್ಲ, ಸೋಲುವವರಿಲ್ಲ. ಅತ್ತ ಮೆಕ್ಸಿಕೋದ ಎಲ್ ಮನಾಟಿಯಲ್ಲಿ ಮೂರೂವರೆ ಸಾವಿರ ವರ್ಷ ಹಳೆಯ ರಬ್ಬರ್ ಚೆಂಡುಗಳು ಕೆಸರಿನಡಿ ಸಿಕ್ಕಿವೆ. ಅಲ್ಲಿಯವರು ಆಡುತ್ತಿದ್ದುದು ಹೆಚ್ಚಾಗಿ ಸೊಂಟದಿಂದ. ಗ್ರೀಕರ ಎಪಿಸ್ಕೈರೋಸ್, ರೋಮನ್ನರ ಹಾರ್ಪಾಸ್ಟಮ್ ಕೂಡ ಪಟ್ಟಿಗೆ ಸೇರುತ್ತವೆ, ಆದರೆ ಅವುಗಳಲ್ಲಿ ಕಾಲಿಗಿಂತ ಕೈಯ ಕೆಲಸವೇ ಜಾಸ್ತಿ.

2004ರಲ್ಲಿ ಫಿಫಾ, ಫುಟ್‌ಬಾಲಿನ ಅತಿ ಪ್ರಾಚೀನ ರೂಪ ಚೀನಾದ್ದೇ ಎಂದು ಒಪ್ಪಿಕೊಂಡಿತು. ಪ್ರಾಚೀನತೆಯ ಮಟ್ಟಿಗೆ ಅದು ಸರಿಯೇ. ಆದರೆ ವಂಶವೃಕ್ಷ ಬರೆಯಲು ಕುಳಿತರೆ ಲಿನ್‌ಜಿಯಿಂದ ಲಂಡನ್ನಿಗೆ ಗೆರೆ ಎಳೆಯಲಾಗುವುದಿಲ್ಲ. ದುಂಡಗಿನ ವಸ್ತು ಕಾಲಿಗೆ ಸಿಕ್ಕಿದರೆ ಒದೆಯುವುದು ಎಲ್ಲ ಊರಿನ ಹುಡುಗರಿಗೂ ಹುಟ್ಟುಗುಣ. ಅದಕ್ಕೆ ಯಾರೂ ಯಾರಿಂದಲೂ ಕಲಿಯಬೇಕಿಲ್ಲ. ಇವತ್ತು ಜಗತ್ತು ಆಡುವ ಆಟದ ಬೇರು ಇರುವುದು ಇಂಗ್ಲೆಂಡ್, ಸ್ಕಾಟ್ಲೆಂಡುಗಳ ಬೀದಿ ಮತ್ತು ಗದ್ದೆಗಳಲ್ಲಿ.

ಅಲ್ಲಿಯ ಆಟವಾದರೂ ಎಂಥದು! ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು ಶುರುವಾಗುವ ಹಿಂದಿನ ಮಂಗಳವಾರ ಊರಿಗೆ ಊರೇ ಎರಡಾಗಿ ಒಡೆದು ಒಂದು ಚೆಂಡಿಗಾಗಿ ಬಡಿದಾಡುತ್ತಿತ್ತು. ಆ ದಿನ ಲಂಡನ್ನಿನ ಯುವಕರು ಊರಾಚೆಯ ಬಯಲಿಗೆ ಹೋಗಿ ಚೆಂಡಾಡುವುದನ್ನು, ಶ್ರೀಮಂತ ಹಿರಿಯರು ಕುದುರೆಯೇರಿ ನೋಡಲು ಬರುವುದನ್ನು ವಿಲಿಯಂ ಫಿಟ್ಜ್‌ಸ್ಟೀಫನ್ ಎಂಬಾತ 12ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. 1314ರಲ್ಲಿ ಲಂಡನ್ನಿನ ಮೇಯರ್ ನಿಕೊಲಸ್ ಡಿ ಫಾರ್ನ್‌ಡೋನ್, ದೊಡ್ಡ ಚೆಂಡುಗಳ ಹಿಂದೆ ಬಿದ್ದವರ ಗಲಾಟೆಯಿಂದ ನಗರದ ನೆಮ್ಮದಿ ಕೆಡುತ್ತಿದೆಯೆಂದು ದೊರೆಯ ಹೆಸರಿನಲ್ಲಿ ಆಟವನ್ನೇ ನಿಷೇಧಿಸಿದ. ಮೂರನೇ ಎಡ್ವರ್ಡನ ಚಿಂತೆ ಬೇರೆ. ಫ್ರಾನ್ಸ್ ಜೊತೆ ಯುದ್ಧ ನಡೆದಿತ್ತು, ಬಿಲ್ಲುಗಾರರು ಬೇಕಿತ್ತು. ರಜೆಯ ದಿನ ಬಾಣ ಹೂಡಲು ಕಲಿಯಬೇಕಾದ ಹುಡುಗರು ಚೆಂಡು ಒದೆಯುತ್ತ ಕೂತರೆ ಹೇಗೆ? ಅವನೂ ಬೇಡವೆಂದ. ಅವನ ನಂತರದವರೂ ಬೇಡವೆಂದರು. ಒಂದೇ ನಿಷೇಧವನ್ನು ಇಷ್ಟು ಸಲ ಹೊರಡಿಸಬೇಕಾಯಿತೆಂದರೆ ಯಾರೂ ಅದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ ಎಂದೇ ಅರ್ಥ. ಎಂಟನೇ ಹೆನ್ರಿಯಂತೂ 1526ರಲ್ಲಿ ತನಗಾಗಿಯೇ ಫುಟ್‌ಬಾಲ್ ಬೂಟು ಹೊಲಿಸಿಕೊಂಡದ್ದು ಅರಮನೆಯ ಲೆಕ್ಕಪತ್ರದಲ್ಲಿದೆ.

ಆ ಕಾಲದ ಆಟ ಹೇಗಿತ್ತೆಂದು ನೋಡಬೇಕಾದರೆ ಡರ್ಬಿಶೈರಿನ ಆ್ಯಶ್‌ಬೋರ್ನ್ ಊರಿಗೆ ಹೋಗಬೇಕು. ಅಲ್ಲಿ ಇಂದಿಗೂ ಆ ಮಂಗಳವಾರ ಮತ್ತು ಮರುದಿನ ಮಧ್ಯಾಹ್ನ ಎರಡಕ್ಕೆ ಶುರುವಾದ ಆಟ ರಾತ್ರಿ ಹತ್ತರವರೆಗೂ ನಡೆಯುತ್ತದೆ. ಊರ ಹೊಳೆಯ ಆ ದಡದಲ್ಲಿ ಹುಟ್ಟಿದವರದೊಂದು ಪಕ್ಷ, ಈ ದಡದವರದು ಇನ್ನೊಂದು. ಆಟಗಾರರ ಸಂಖ್ಯೆಗೆ ಮಿತಿಯಿಲ್ಲ. ಗೋಲುಗಳ ನಡುವೆ ಮೂರು ಮೈಲಿ ದೂರ. ಗೋಲೆಂದರೆ ಬೀಸುಕಲ್ಲು, ಚೆಂಡನ್ನು ಅದಕ್ಕೆ ಮೂರು ಸಲ ಬಡಿಯಬೇಕು. ಚೆಂಡು ಹೊಳೆಗೆ ಬೀಳುವುದು ಖಾತ್ರಿಯಾದ್ದರಿಂದ ತೇಲಲೆಂದು ಒಳಗೆ ಬೆಂಡು ತುಂಬಿರುತ್ತಾರೆ. ಕೊಲೆ ಮಾಡಬಾರದು, ಚೆಂಡನ್ನು ಮೋಟಾರು ಗಾಡಿಯಲ್ಲಿ ಒಯ್ಯಬಾರದು, ಚೀಲದಲ್ಲಿ ಬಚ್ಚಿಡಬಾರದು, ಸ್ಮಶಾನಕ್ಕೆ ನುಗ್ಗಬಾರದು. ನಿಯಮಗಳೆಂದರೆ ಹೆಚ್ಚುಕಡಿಮೆ ಇಷ್ಟೇ. ನಿಯಮದ ಪಟ್ಟಿಯಲ್ಲಿ ಕೊಲೆಯನ್ನು ಹೆಸರಿಸಬೇಕಾಯಿತು ಎಂಬುದರಲ್ಲೇ ಆಟದ ಸ್ವಭಾವ ತಿಳಿಯುತ್ತದೆ. ತಮಾಷೆಯೆಂದರೆ, ಹಿಂದೆ ಆಟ ಬೇಡವೆಂದ ಅದೇ ಸಿಂಹಾಸನದ ಯುವರಾಜ 1928ರಲ್ಲಿ ಇಲ್ಲಿಗೆ ಬಂದು ತಾನೇ ಚೆಂಡು ಎಸೆದು ಆಟ ಶುರುಮಾಡಿಸಿದ.

ಉಳಿದ ಊರುಗಳಿಗೆ ಅಂಥ ಅದೃಷ್ಟ ಇರಲಿಲ್ಲ. ಬಯಲುಗಳಿಗೆ ಬೇಲಿ ಬಿತ್ತು, ಬೀದಿಗಳಲ್ಲಿ ಅಂಗಡಿಗಳು ಎದ್ದವು. 1835ರ ಹೆದ್ದಾರಿ ಕಾಯ್ದೆ, ಸಾರ್ವಜನಿಕ ರಸ್ತೆಯಲ್ಲಿ ಫುಟ್‌ಬಾಲ್ ಆಡಿದವರಿಗೆ ನಲವತ್ತು ಶಿಲ್ಲಿಂಗ್‌ವರೆಗೆ ದಂಡ ವಿಧಿಸಿತು. ದೊರೆಗಳಿಂದ ಆಗದಿದ್ದ ಕೆಲಸವನ್ನು ಪೊಲೀಸರು ಮತ್ತು ಅಂಗಡಿಕಾರರು ಸೇರಿ ಬಹುಮಟ್ಟಿಗೆ ಮಾಡಿ ಮುಗಿಸಿದರು.

ಆಟ ಬದುಕಿಕೊಂಡದ್ದು ಶ್ರೀಮಂತರ ಮಕ್ಕಳು ಓದುವ ವಸತಿ ಶಾಲೆಗಳ ಗೋಡೆಯೊಳಗೆ. ಅಲ್ಲಿ ಮೈದಾನ ಹೇಗೋ ಆಟ ಹಾಗೆ. ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯವರಿಗೆ ಸಿಕ್ಕಿದ್ದು ಹಳೆಯ ಮಠದ ಕಲ್ಲುಹಾಸಿನ ಕಿರಿದಾದ ಮೊಗಸಾಲೆ. ಬಿದ್ದರೆ ಮೂಳೆ ಮುರಿಯುವ ಜಾಗದಲ್ಲಿ ಚೆಂಡನ್ನು ಕಾಲಿನಲ್ಲೇ ಆಡಿಸಿಕೊಂಡು ಸಾಗುವ ಡ್ರಿಬಲ್ ಬೆಳೆಯಿತು. ರಗ್ಬಿ ಶಾಲೆಯಲ್ಲಿ ವಿಶಾಲ ಹುಲ್ಲುಗಾವಲಿತ್ತು; ಅಲ್ಲಿ ಚೆಂಡು ಎತ್ತಿಕೊಂಡು ಓಡಿದರೂ ಕೆಡವಿದರೂ ನಡೆಯುತ್ತಿತ್ತು. 1823ರಲ್ಲಿ ವಿಲಿಯಂ ವೆಬ್ ಎಲಿಸ್ ಎಂಬ ಹುಡುಗ ಇದ್ದಕ್ಕಿದ್ದಂತೆ ಚೆಂಡೆತ್ತಿಕೊಂಡು ಓಡಿದನೆಂಬ ಕತೆ ಪ್ರಚಾರಕ್ಕೆ ಬಂದದ್ದು ಅವನು ಸತ್ತ ಮೇಲೆ. ಕತೆ ಎಷ್ಟು ನಿಜವೋ, ರಗ್ಬಿ ವಿಶ್ವಕಪ್ಪಿಗಂತೂ ಅವನ ಹೆಸರೇ ಇದೆ. ಈಟನ್ನಿನಲ್ಲಿ ಇಟ್ಟಿಗೆ ಗೋಡೆಗೆ ಅಂಟಿಕೊಂಡ ಐದು ಮೀಟರ್ ಅಗಲದ ಪಟ್ಟಿಯಲ್ಲಿ ಆಡುವ ಇನ್ನೊಂದು ಆಟವಿದೆ. ಅದರ ಮುಖ್ಯ ವಾರ್ಷಿಕ ಪಂದ್ಯದಲ್ಲಿ ಕೊನೆಯ ಗೋಲು ಬಿದ್ದದ್ದು 1909ರಲ್ಲಿ.

ತೊಂದರೆ ಶುರುವಾದದ್ದು ಈ ಹುಡುಗರು ಬೆಳೆದು ಕೇಂಬ್ರಿಡ್ಜ್ ಸೇರಿದಾಗ. ಒಂದೇ ಮೈದಾನ, ಒಂದೇ ಚೆಂಡು, ಆದರೆ ಹತ್ತು ಶಾಲೆಯ ಹತ್ತು ಪದ್ಧತಿ. ರಗ್ಬಿಯವನು ಚೆಂಡು ಕೈಗೆತ್ತಿಕೊಂಡರೆ ಈಟನ್ನಿನವನು ಕಿರುಚುತ್ತಿದ್ದ. 1848ರಲ್ಲಿ ಅಲ್ಲಿಯ ವಿದ್ಯಾರ್ಥಿಗಳು ಕುಳಿತು ಎಲ್ಲರಿಗೂ ಒಪ್ಪುವ ನಿಯಮಾವಳಿ ಬರೆದರು. ಅದರ ಪ್ರತಿ ಉಳಿದಿಲ್ಲ. ಎಲ್ಲರೂ ಒಪ್ಪಿಯೂ ಇರಲಿಲ್ಲ.

ಲಂಡನ್ನಿನ ಬಾರ್ನ್ಸ್‌ನಲ್ಲಿ ನೆಲೆಸಿದ್ದ ವಕೀಲ ಎಬೆನೆಜರ್ ಕಾಬ್ ಮೋರ್ಲಿಗೆ ಈ ಗೊಂದಲ ಸಹಿಸಲಾಗಲಿಲ್ಲ. ಹಲ್ ಊರಿನಿಂದ ಬಂದ ಆತ ಇಂಥ ದೊಡ್ಡ ಶಾಲೆಗಳಲ್ಲಿ ಓದಿದವನಲ್ಲ. ಹಾಗಾಗಿ ಯಾವ ಶಾಲೆಯ ಪದ್ಧತಿಯ ಮೇಲೂ ಮೋಹವಿರಲಿಲ್ಲ. ಕ್ರಿಕೆಟ್ಟಿಗೆ ಒಂದು ನಿಯಮಾವಳಿ ಇರುವಾಗ ಫುಟ್‌ಬಾಲಿಗೇಕಿಲ್ಲ ಎಂದು ಕೇಳಿದ. 1863ರ ಅಕ್ಟೋಬರ್ 26ರ ಸಂಜೆ ಗ್ರೇಟ್ ಕ್ವೀನ್ ಬೀದಿಯ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ಲಂಡನ್ ಸುತ್ತಮುತ್ತಲ ಹನ್ನೊಂದು ಕ್ಲಬ್ಬು, ಶಾಲೆಗಳ ಪ್ರತಿನಿಧಿಗಳು ಸೇರಿದರು. ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) ಹುಟ್ಟಿತು. ಮೋರ್ಲಿ ಕಾರ್ಯದರ್ಶಿಯಾದ, ವರ್ಷಕ್ಕೆ ಒಂದು ಗಿನ್ನಿ ಚಂದಾ ಗೊತ್ತಾಯಿತು. ಚಾರ್ಟರ್‌ಹೌಸ್ ಶಾಲೆಯ ಹುಡುಗನೂ ಬಂದಿದ್ದ; ಬೇರೆ ಶಾಲೆಗಳು ಏನನ್ನುತ್ತವೋ ನೋಡಿ ಹೇಳುತ್ತೇವೆ ಎಂದು ಹಿಂದೆ ಸರಿದ.

ಆರು ಸಭೆಗಳು ನಡೆದವು. ಜಗಳ ಮುಖ್ಯವಾಗಿ ಎರಡು ವಿಷಯಕ್ಕೆ. ಒಂದು, ಚೆಂಡು ಹಿಡಿದು ಓಡಬಹುದೇ? ಎರಡು, ಎದುರಾಳಿಯ ಕಣಕಾಲಿಗೆ ಬೇಕೆಂದೇ ಒದೆಯಬಹುದೇ? ಈ ಎರಡನೆಯದಕ್ಕೆ ಹ್ಯಾಕಿಂಗ್ ಎನ್ನುತ್ತಿದ್ದರು. ಮೋರ್ಲಿಯ ಮೊದಲ ಕರಡಿನಲ್ಲಿ ಎರಡಕ್ಕೂ ಅನುಮತಿ ಇತ್ತು. ಅಷ್ಟರಲ್ಲಿ ಕೇಂಬ್ರಿಡ್ಜಿನವರ ಹೊಸ ನಿಯಮಗಳು ಪ್ರಕಟವಾದವು. ಅವು ಎರಡನ್ನೂ ತಳ್ಳಿಹಾಕಿದ್ದವು. ಮೋರ್ಲಿ ಮನಸ್ಸು ಬದಲಿಸಿದ. ಹಗಲು ದುಡಿಯುವ ಗೃಹಸ್ಥರು ಮುರಿದ ಕಾಲಿಟ್ಟುಕೊಂಡು ಕಚೇರಿಗೆ ಹೋಗಲಾರರು, ಹ್ಯಾಕಿಂಗ್ ಉಳಿದರೆ ವಿವೇಕ ಬಂದ ವಯಸ್ಸಿನವರು ಯಾರೂ ಆಡಲು ಬರುವುದಿಲ್ಲ ಎಂಬುದು ಅವನ ವಾದ. ಬ್ಲ್ಯಾಕ್‌ಹೀತ್ ಕ್ಲಬ್ಬಿನ ಫ್ರಾನ್ಸಿಸ್ ಕ್ಯಾಂಬೆಲ್ ಕೆರಳಿದ. ಒದೆತ ತೆಗೆದರೆ ಆಟದ ಕೆಚ್ಚೇ ಹೋಯಿತು, ಒಂದು ವಾರ ಅಭ್ಯಾಸ ಮಾಡಿದ ಫ್ರೆಂಚರನ್ನು ಕರೆತಂದು ನಿಮ್ಮನ್ನೆಲ್ಲ ಸೋಲಿಸಿ ತೋರಿಸುತ್ತೇನೆ ಎಂದು ಹಂಗಿಸಿದ. ಮತಕ್ಕೆ ಹಾಕಿದಾಗ ಅವನ ಪಕ್ಷ ಸೋತಿತು. ಡಿಸೆಂಬರ್ 8ರಂದು ಬ್ಲ್ಯಾಕ್‌ಹೀತ್ ಹೊರನಡೆಯಿತು.

ಫುಟ್‌ಬಾಲ್ ಮತ್ತು ರಗ್ಬಿ ಬೇರೆಯಾದ ಗಳಿಗೆ ಅದು. ಆ ಜಗಳದಲ್ಲಿ ಕೈಗಿಂತ ಕಾಲಿನ ಪಾಲೇ ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ಕ್ಯಾಂಬೆಲ್ ಸಿಟ್ಟಾದದ್ದು ಚೆಂಡು ಎತ್ತಬಾರದು ಎಂದುದಕ್ಕಿಂತ ಹೆಚ್ಚಾಗಿ ಒದೆಯಬಾರದು ಎಂದುದಕ್ಕೆ. ಮುಂದೆ 1871ರಲ್ಲಿ ಬ್ಲ್ಯಾಕ್‌ಹೀತ್ ಮತ್ತಿತರ ಕ್ಲಬ್ಬುಗಳು ಸೇರಿ ರಗ್ಬಿ ಫುಟ್‌ಬಾಲ್ ಯೂನಿಯನ್ ಕಟ್ಟಿದವು. ಅದು ತನ್ನ ಮೊದಲ ನಿಯಮಾವಳಿಯಲ್ಲೇ ಹ್ಯಾಕಿಂಗನ್ನು ನಿಷೇಧಿಸಿತು!

1863ರ ಹದಿಮೂರು ನಿಯಮಗಳನ್ನು ಇಂದಿನ ಪ್ರೇಕ್ಷಕ ಓದಿದರೆ ಇದು ಯಾವ ಆಟವೆಂದು ತಲೆ ಕೆರೆದುಕೊಂಡಾನು. ಗೋಲ್‌ಕೀಪರನ ಹೆಸರಿಲ್ಲ. ತಂಡಕ್ಕೆ ಎಷ್ಟು ಮಂದಿ ಎಂದಿಲ್ಲ. ರೆಫರಿಯಿಲ್ಲ. ಎಂಟು ಗಜ ಅಂತರದಲ್ಲಿ ಎರಡು ಕಂಬ, ಮೇಲೆ ಅಡ್ಡಪಟ್ಟಿಯಿಲ್ಲ. ಚೆಂಡು ಎಷ್ಟೇ ಎತ್ತರದಲ್ಲಿ ಹಾದುಹೋದರೂ ಗೋಲೇ. ಹಾರಿಬಂದ ಚೆಂಡನ್ನು ಯಾರು ಬೇಕಾದರೂ ಕೈಯಲ್ಲಿ ಹಿಡಿಯಬಹುದು, ಹಿಡಿದು ಓಡುವಂತಿಲ್ಲ ಅಷ್ಟೆ. ಚೆಂಡಿಗಿಂತ ಮುಂದಿರುವವನು ಆಟದಿಂದ ಹೊರಗೆ, ಆದ್ದರಿಂದ ಮುಂದಕ್ಕೆ ಪಾಸ್ ಎಂಬುದೇ ಇಲ್ಲ. ಪ್ರತಿ ಗೋಲಿನ ನಂತರ ತಂಡಗಳು ಬದಿ ಬದಲಿಸಬೇಕು. ಕೊನೆಯ ನಿಯಮ ಬೂಟಿನದು: ಹೊರಚಾಚಿದ ಮೊಳೆ, ಕಬ್ಬಿಣದ ತಗಡು, ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತು ಅಂಟಿಸಿದ ಬೂಟು ತೊಡುವಂತಿಲ್ಲ. ಡಿಸೆಂಬರ್ 19ರಂದು ಮೋರ್ಲಿಯ ಬಾರ್ನ್ಸ್ ತಂಡ ರಿಚ್ಮಂಡ್ ವಿರುದ್ಧ ಈ ನಿಯಮಗಳಲ್ಲಿ ಆಡಿತು. ಗೋಲೇ ಬೀಳಲಿಲ್ಲ. ರಿಚ್ಮಂಡಿನವರು ಮುಂದೆ ರಗ್ಬಿಗೆ ಹೋದರು.

ಚೆಂಡೂ ಆಗ ಒಂದು ತಲೆನೋವೇ. ಹಂದಿಯ ಮೂತ್ರಕೋಶಕ್ಕೆ ಬಾಯಿಯಿಂದ ಗಾಳಿ ಊದಿ ಮೇಲೆ ಚರ್ಮ ಹೊಲಿಯುತ್ತಿದ್ದರು. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಯಲ್ಲಿ ಸಿಕ್ಕಿದ, 16ನೇ ಶತಮಾನದ ಮಧ್ಯಭಾಗದ್ದೆನ್ನುವ ಚೆಂಡೂ ಅಂಥದೇ. ರಗ್ಬಿ ಪಟ್ಟಣದಲ್ಲಿ ಬೂಟು ಹೊಲಿಯುತ್ತಿದ್ದ ರಿಚರ್ಡ್ ಲಿಂಡನ್‌ನ ಹೆಂಡತಿ, ರೋಗ ಹತ್ತಿದ ಮೂತ್ರಕೋಶಗಳನ್ನು ಊದಿ ಊದಿಯೇ ಕಾಯಿಲೆ ಬಿದ್ದು ತೀರಿಕೊಂಡಳಂತೆ. ಲಿಂಡನ್ 1860ರ ದಶಕದಲ್ಲಿ ರಬ್ಬರಿನ ಒಳಚೀಲ, ಅದಕ್ಕೊಂದು ಗಾಳಿ ಪಂಪು ಮಾಡಿದ. ರಬ್ಬರಿನ ಚೀಲ ಬಂದ ಮೇಲೆ ಚೆಂಡು ನಿಜಕ್ಕೂ ದುಂಡಗಾಯಿತು.

ಲಂಡನ್ನಿನವರ ನಿಯಮವೇ ಗೆದ್ದಿತು ಎನ್ನುವುದೂ ಪೂರ್ತಿ ನಿಜವಲ್ಲ. ಉಕ್ಕಿನ ಪಟ್ಟಣ ಶೆಫೀಲ್ಡಿನಲ್ಲಿ ನಥಾನಿಯಲ್ ಕ್ರೆಸ್‌ವಿಕ್ ಮತ್ತು ವಿಲಿಯಂ ಪ್ರೆಸ್ಟ್ ಎಂಬ ಗೆಳೆಯರು 1857ರಲ್ಲೇ ಕ್ಲಬ್ ಕಟ್ಟಿ, ಮರುವರ್ಷ ತಮ್ಮದೇ ನಿಯಮ ಬರೆದಿದ್ದರು. ಕಾರ್ನರ್ ಕಿಕ್, ಗೋಲಿಗೆ ಅಡ್ಡಪಟ್ಟಿ ಮುಂತಾದವು ಬೆಳೆದು ಬಂದದ್ದು ಅಲ್ಲಿಂದಲೇ. 1866ರಲ್ಲಿ ಶೆಫೀಲ್ಡಿನವರು ಲಂಡನ್ನಿಗೆ ಆಡಲು ಬಂದಾಗ ಚೆಂಡಿಗೆ ತಲೆ ಕೊಟ್ಟುದನ್ನು ಕಂಡು ಲಂಡನ್ನಿನವರು ನಕ್ಕರೆಂದು ಹೇಳುತ್ತಾರೆ. 1877ರಲ್ಲಿ ಎರಡೂ ಕಡೆಯವರು ರಾಜಿಯಾಗಿ ಒಂದೇ ನಿಯಮಕ್ಕೆ ಬಂದರು.

ಅಷ್ಟರಲ್ಲಿ ಸ್ಪರ್ಧೆಯೂ ಶುರುವಾಗಿತ್ತು. ಹ್ಯಾರೋ ಶಾಲೆಯಲ್ಲಿ ಓದಿದ ಚಾರ್ಲ್ಸ್ ಆಲ್ಕಾಕ್, ಸೋತವರು ಹೊರಗೆ ಎಂಬ ಅಲ್ಲಿಯ ಪಂದ್ಯಾವಳಿಯನ್ನೇ ಮಾದರಿಯಾಗಿಟ್ಟುಕೊಂಡು ಎಫ್‌ಎ ಕಪ್ ಆರಂಭಿಸಿದ. 1872ರ ಮಾರ್ಚ್ 16ರಂದು ಓವಲ್ ಕ್ರಿಕೆಟ್ ಮೈದಾನದಲ್ಲಿ ಮೊದಲ ಫೈನಲ್. ಆಲ್ಕಾಕ್‌ನದೇ ವಾಂಡರರ್ಸ್ ತಂಡ ಸೇನೆಯ ರಾಯಲ್ ಎಂಜಿನಿಯರ್ಸ್ ತಂಡವನ್ನು 1–0ಯಿಂದ ಸೋಲಿಸಿತು. ಅದೇ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯ. ಇಂಗ್ಲೆಂಡಿನ ಮುಂಪಡೆಯಲ್ಲಿ ಎಂಟು ಮಂದಿ. ಒಬ್ಬೊಬ್ಬನೂ ಚೆಂಡು ಸಿಕ್ಕರೆ ತಲೆತಗ್ಗಿಸಿ ಡ್ರಿಬಲ್ ಮಾಡುತ್ತ ನುಗ್ಗುವವನು. ಮೈಕಟ್ಟಿನಲ್ಲಿ ಸಣ್ಣವರಾದ ಸ್ಕಾಟರು, ಎಲ್ಲರೂ ಕ್ವೀನ್ಸ್ ಪಾರ್ಕ್ ಕ್ಲಬ್ಬಿನವರು, ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ತಡೆದು ನಿಂತರು. ಪಂದ್ಯ 0–0. ಮರುವರ್ಷ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲಿನ ಮೊಟ್ಟಮೊದಲ ಗೋಲು ಹೊಡೆದವನು ಇಂಗ್ಲೆಂಡಿನ ವಿಲಿಯಂ ಕೆನ್ಯನ್-ಸ್ಲೇನಿ. ಅವನು ಹುಟ್ಟಿದ್ದು ಗುಜರಾತಿನ ರಾಜಕೋಟೆಯಲ್ಲಿ.

ಆಟ ಮತ್ತೆ ಜನಸಾಮಾನ್ಯರ ಕೈಗೆ ಬಂದದ್ದು ಒಂದು ಕಾರ್ಖಾನೆ ಕಾಯ್ದೆಯಿಂದ. 1850ರ ಆ ಕಾಯ್ದೆ ಶನಿವಾರ ಮಧ್ಯಾಹ್ನ ಎರಡಕ್ಕೆ ಬಟ್ಟೆ ಗಿರಣಿಗಳ ಕೆಲಸ ನಿಲ್ಲಿಸಬೇಕೆಂದಿತು. ಎರಡಕ್ಕೆ ಗಿರಣಿ ಬಿಟ್ಟರೆ ಮೂರಕ್ಕೆ ಆಟ. ಇಂಗ್ಲೆಂಡಿನಲ್ಲಿ ಶನಿವಾರ ಮೂರು ಗಂಟೆಯ ಪಂದ್ಯದ ಪದ್ಧತಿಗೆ ಇದೇ ಮೂಲ. 1883ರ ಕಪ್ ಫೈನಲ್‌ನಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡ ಈಟನ್ನಿನ ಹಳೆಯ ವಿದ್ಯಾರ್ಥಿಗಳನ್ನು ಹೆಚ್ಚುವರಿ ಅವಧಿಯಲ್ಲಿ 2–1ರಿಂದ ಸೋಲಿಸಿತು. ಗೆದ್ದವರಲ್ಲಿ ನೇಕಾರರಿದ್ದರು, ಕೊಳಾಯಿ ಕೆಲಸದವನಿದ್ದ, ಗೆಲುವಿನ ಗೋಲು ಹೊಡೆದವನು ಗಿರಣಿಯಲ್ಲಿ ನೂಲುವವನು. ಆಮೇಲೆ ಸಾಹೇಬರ ಮಕ್ಕಳ ತಂಡ ಯಾವುದೂ ಆ ಕಪ್ ಗೆಲ್ಲಲಿಲ್ಲ. ಆಡಿದ್ದಕ್ಕೆ ಸಂಬಳ ಕೊಡಬಾರದೆಂಬ ನಿಯಮವೂ ಎರಡೇ ವರ್ಷದಲ್ಲಿ ಬಿದ್ದುಹೋಯಿತು. 1888ರಲ್ಲಿ ಬಟ್ಟೆ ವ್ಯಾಪಾರಿ ವಿಲಿಯಂ ಮೆಕ್‌ಗ್ರೆಗರ್ ಹನ್ನೆರಡು ಕ್ಲಬ್ಬುಗಳ ಫುಟ್‌ಬಾಲ್ ಲೀಗ್ ಕಟ್ಟಿದ.

ದುಡ್ಡು ಬಂದಲ್ಲಿ ತಕರಾರೂ ಬಂತು. ಗೋಲಿನ ಬಾಯಲ್ಲಿ ಬೇಕೆಂದೇ ಕೈಯೊಡ್ಡುವವರನ್ನು, ಕಾಲೆಳೆಯುವವರನ್ನು ಏನು ಮಾಡುವುದು? ಐರ್ಲೆಂಡಿನ ಆರ್ಮಾ ಸೀಮೆಯ ಮಿಲ್ಫರ್ಡ್ ಎಂಬ ಹಳ್ಳಿಯ ಗಿರಣಿ ಮಾಲೀಕರ ಮನೆಯ ವಿಲಿಯಂ ಮೆಕ್ರಮ್ ಪೆನಾಲ್ಟಿ ಕಿಕ್ ಸೂಚಿಸಿದ. ಸ್ವತಃ ಗೋಲ್‌ಕೀಪರ್ ಆಗಿದ್ದವನು ಇಂಥ ಸಲಹೆ ಕೊಟ್ಟುದು ಸೋಜಿಗ. 1891ರಲ್ಲಿ ಅದು ನಿಯಮವಾಯಿತು. ಹೊರಗೆ ನಿಂತಿರುತ್ತಿದ್ದ ರೆಫರಿ ಮೈದಾನದೊಳಗೆ ಬಂದದ್ದೂ ಅದೇ ವರ್ಷ. ಹವ್ಯಾಸಿ ಆಟಗಾರರ ಕೊರಿಂಥಿಯನ್ಸ್ ತಂಡಕ್ಕೆ ಪೆನಾಲ್ಟಿಯೆಂದರೆ ಅವಮಾನ. ಸಭ್ಯರು ಬೇಕೆಂದು ತಪ್ಪು ಮಾಡುತ್ತಾರೆಯೇ ಎಂದು ಅವರ ಗೋಲ್‌ಕೀಪರ್ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದನಂತೆ.

ನಮ್ಮಲ್ಲಿಗೆ ಆಟ ಬಂದದ್ದು ದಂಡಿನ ಜೊತೆಗೆ. ಶಿಮ್ಲಾದಲ್ಲಿ 1888ರಲ್ಲಿ ಡ್ಯೂರಾಂಡ್ ಕಪ್, ಮುಂಬಯಿಯಲ್ಲಿ 1891ರಲ್ಲಿ ರೋವರ್ಸ್ ಕಪ್ ಶುರುವಾದವು. ಆಡುವವರು ಬಿಳಿ ಸೈನಿಕರು. ಕಲ್ಕತ್ತದಲ್ಲಿ 1911ರ ಜುಲೈ 29ರಂದು ಮೋಹನ್ ಬಗಾನ್ ಬರಿಗಾಲಿನಲ್ಲೇ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿದ ಕತೆ ಎಲ್ಲರಿಗೂ ಗೊತ್ತು; ಬೂಟು ತೊಟ್ಟವನು ಒಬ್ಬನೇ, ಸುಧೀರ್ ಚಟರ್ಜಿ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡದ ಕತೆ ಮಾತ್ರ ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ. ಆ ಕಪ್ಪನ್ನು ಸೇನೆಯ ಹೊರಗಿನ ಭಾರತೀಯ ತಂಡವೊಂದು ಗೆದ್ದದ್ದು ಅದೇ ಮೊದಲು. ಮರುವರ್ಷವೂ ಅವರೇ ಗೆದ್ದರು.

1948ರ ಜುಲೈ 31ರಂದು, ಒಲಿಂಪಿಕ್ಸ್ ಪಂದ್ಯಕ್ಕಾಗಿ ಸ್ವತಂತ್ರ ಭಾರತದ ತಂಡ ಲಂಡನ್ ಪಕ್ಕದ ಇಲ್ಫರ್ಡ್‌ನಲ್ಲಿ ಮೈದಾನಕ್ಕಿಳಿಯಿತು. ಬೂಟಿಗೆ ಮೊಳೆ ಬಡಿಯಬಾರದೆಂದು ಮೋರ್ಲಿ ಬರೆದ ನಾಡಿನಲ್ಲಿ ಇವರಲ್ಲಿ ಹಲವರಿಗೆ ಬೂಟೇ ಇರಲಿಲ್ಲ. ಎದುರಾಳಿ, ಕ್ಯಾಂಬೆಲ್ ಹಂಗಿಸಿದ ಅದೇ ಫ್ರೆಂಚರು. ಫ್ರಾನ್ಸ್ ಮೊದಲ ಗೋಲು ಹೊಡೆಯಿತು, ಮೈಸೂರು ಸಂಸ್ಥಾನದ ಆಟಗಾರ ಸಾರಂಗಪಾಣಿ ರಾಮನ್ ಅದನ್ನು ಸರಿಗಟ್ಟಿದ. ಪಂದ್ಯ ಮುಗಿಯುವ ಹೊತ್ತಿಗೆ ಇನ್ನೊಂದು ಗೋಲು ಬಿಟ್ಟುಕೊಟ್ಟು ಭಾರತ 1–2ರಿಂದ ಸೋತಿತು. ಮೆಕ್ರಮ್‌ನ ನಿಯಮ ಅಂದು ಎರಡು ಸಲ ನಮ್ಮ ಪಾಲಿಗೆ ಒದಗಿಬಂದಿತ್ತು. ಎರಡೂ ಪೆನಾಲ್ಟಿಗಳನ್ನು ನಮ್ಮವರು ಕಳೆದುಕೊಂಡರು.